ಮೂರು ಲಕ್ಷಕ್ಕೆ ಕೈಬದಲಾದ ಊರು



ಮಾಗಡಿ ರಸ್ತೆಯಲ್ಲಾಗಲಿ, ರಾಜಾಜಿನಗರ ವಿಜಯನಗರಗಳ ಅಡ್ಡರಸ್ತೆಗಳಲ್ಲಾಗಲಿ, ಕೆಂಗೇರಿಯ ಹೊಸ ಬಡಾವಣೆಗಳಲ್ಲಾಗಲಿ ನೀವು ನಡೆದುಹೋಗುವಾಗ ಯಾವುದಾದರೊಂದು ಗೇಟಿಗೆ ಕಟ್ಟಿದ ತಗಡಿನ ಹಲಗೆ ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಮನೆ ಮಾರಾಟಕ್ಕಿದೆ.’ ಅದರ ಹಿಂದೆ ‘ತುರ್ತಾಗಿ’ ಎಂಬ ಒಂದು ಮಾತು ಸೇರಿದ್ದರೆ ಆ ಹಲಗೆಯ ಅರ್ಥವೇ ಬೇರೆಯಾಗುತ್ತದೆ. ಮಗಳ ಮದುವೆಯೋ, ಆಸ್ಪತ್ರೆಯ ಖರ್ಚೋ, ಅಣ್ಣತಮ್ಮಂದಿರ ಪಾಲುಪಟ್ಟಿಯೋ, ಮುಗಿದುಹೋದ ಸಾಲದ ವಾಯಿದೆಯೋ, ಯಾವುದೋ ಒಂದು ಒಳಗಿನವರನ್ನು ಒತ್ತಿ ಹಿಡಿದಿದೆಯೆಂದು ಹಾದುಹೋಗುವವರಿಗೆಲ್ಲ ತಿಳಿದುಹೋಗುತ್ತದೆ. ಹಾಗೆ ತಿಳಿದುಹೋದ ಗಳಿಗೆಯಲ್ಲಿಯೇ ಆ ಮನೆಯ ಬೆಲೆಯೂ ಒಂದು ಮೆಟ್ಟಲು ಕೆಳಗಿಳಿಯುತ್ತದೆ. ಮನೆ ಅದೇ, ನಿವೇಶನ ಅದೇ, ಬಾವಿಯ ನೀರೂ ಅದೇ. ಬದಲಾದದ್ದು ಮಾರುವವನ ಕೈಯಲ್ಲಿರುವ ಕಾಲ ಮಾತ್ರ.

ಇಂಥ ಮಾರಾಟವನ್ನು ಬಡವರ ಪಾಡೆಂದು, ವ್ಯವಹಾರ ತಿಳಿಯದವರ ಪಾಡೆಂದು ನಾವು ಎಣಿಸುವುದುಂಟು. ಆದರೆ ನಾವು ವಾಸಮಾಡುತ್ತಿರುವ ಈ ಬೆಂಗಳೂರು ನಗರವೇ ಒಮ್ಮೆ ಇದೇ ಬಗೆಯ ಅವಸರದಲ್ಲಿ ಮಾರಾಟಕ್ಕೆ ನಿಂತಿತ್ತು. ಕೋಟೆ, ಪೇಟೆ, ಕೆರೆ, ತೋಪು ಎಲ್ಲವೂ ಸೇರಿ ಅದಕ್ಕೆ ಗೊತ್ತಾದ ಬೆಲೆ ಮೂರು ಲಕ್ಷ ರೂಪಾಯಿ. ಮಾರಲು ಹೊರಟವರು ರಾಜಮನೆತನದವರು, ಕೊಳ್ಳಲು ಬಂದವನೂ ರಾಜ. ಆ ವ್ಯವಹಾರ ಹೇಗೆ ನಡೆಯಿತು, ಕೊನೆಗೆ ಹಣ ಯಾರ ಕೈ ಸೇರಿತು ಎಂಬುದನ್ನು ವಿಚಾರಿಸಿ ನೋಡಿದರೆ, ನಮ್ಮ ಬೀದಿಯ ತಗಡಿನ ಹಲಗೆಯೂ ಸ್ವಲ್ಪ ಚೆನ್ನಾಗಿ ಅರ್ಥವಾದೀತು.

1537ರಲ್ಲಿ ಹಿರಿಯ ಕೆಂಪೇಗೌಡನು ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಟ್ಟಿಸಿ ಪೇಟೆಗಳನ್ನು ನೆಲೆಗೊಳಿಸಿದನೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಒಂದು ಶತಮಾನ ಕಳೆದ ಮೇಲೆ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ದಂಡೆತ್ತಿ ಬಂದು ಈ ಊರನ್ನು ಹಿಡಿದನು. ಇಮ್ಮಡಿ ಕೆಂಪೇಗೌಡನು ಊರನ್ನು ಬಿಟ್ಟುಕೊಟ್ಟು ಮಾಗಡಿಯಲ್ಲಿ ನೆಲೆಸಬೇಕಾಯಿತು. ಇಂದು ನಮ್ಮ ಪಶ್ಚಿಮ ಬಡಾವಣೆಗಳ ನಡುವೆ ಹಾದುಹೋಗುವ ಮಾಗಡಿ ರಸ್ತೆ ಆ ಮನೆತನ ಹೋಗಿ ನೆಲೆಸಿದ ಊರಿನ ದಿಕ್ಕನ್ನು ಈಗಲೂ ತೋರಿಸುತ್ತಿದೆ. ಬಿಜಾಪುರದವರು ಬೆಂಗಳೂರನ್ನು ಷಹಾಜಿ ಭೋಸಲೆಗೆ ಜಹಗೀರಾಗಿ ಕೊಟ್ಟರು. 1664ರಲ್ಲಿ ಷಹಾಜಿಯು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡ ಮೇಲೆ ಜಹಗೀರು ಅವನ ಮಗ ಏಕೋಜಿಗೆ ಬಂದಿತು. ಈತನನ್ನೇ ವೆಂಕೋಜಿಯೆಂದೂ ಕರೆಯುತ್ತಾರೆ. ಛತ್ರಪತಿ ಶಿವಾಜಿಗೆ ಈತ ಮಲತಾಯಿಯ ಮಗನಾದ ತಮ್ಮ. 1675ರ ಸುಮಾರಿಗೆ ಏಕೋಜಿಯು ತಂಜಾವೂರನ್ನು ಗೆದ್ದುಕೊಂಡು, ಕಾವೇರಿಯ ಆ ಫಲವತ್ತಾದ ಬಯಲಿಗೆ ತನ್ನ ಸಂಸಾರವನ್ನೂ ದರ್ಬಾರನ್ನೂ ಸಾಗಿಸಿದನು. ಬೆಂಗಳೂರು ಯಜಮಾನನಿಲ್ಲದ ಮನೆಯಂತಾಯಿತು.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಲೇಬೇಕು. 1677ರಲ್ಲಿ ಶಿವಾಜಿಯು ದಕ್ಷಿಣದ ದಂಡಯಾತ್ರೆಗೆ ಬಂದಾಗ ತಂದೆಯ ಆಸ್ತಿಯಲ್ಲಿ ತನಗೂ ಪಾಲುಂಟೆಂದು ತಮ್ಮನನ್ನು ಕೇಳಿದನು. ವ್ಯಾಜ್ಯ ಬೆಳೆದು, ಕಡೆಗೆ ಒಡಂಬಡಿಕೆಯಾಯಿತು. ಆ ಒಡಂಬಡಿಕೆಯ ಕರಾರುಗಳು ಮರಾಠಿ ಮೂಲಗಳಲ್ಲಿ ಉಳಿದುಬಂದಿವೆ. ಅವುಗಳಲ್ಲೊಂದರ ಪ್ರಕಾರ ಬೆಂಗಳೂರು ಪರಗಣೆಯನ್ನು, ಸುತ್ತಿನ ಕೆಲವು ಠಾಣೆಗಳ ಸಮೇತ, ಶಿವಾಜಿಯು ಏಕೋಜಿಯ ಹೆಂಡತಿ ದೀಪಾಬಾಯಿಗೆ ‘ಚೋಳಿ–ಬಾಂಗಡಿ’ಗೆಂದು, ಅಂದರೆ ರವಿಕೆ ಬಳೆಗಳ ಖರ್ಚಿಗೆಂದು, ಬಿಟ್ಟುಕೊಟ್ಟನು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅರಿಸಿನ ಕುಂಕುಮಕ್ಕೆಂದು ಹೆಣ್ಣುಮಗಳಿಗೆ ಬಿಟ್ಟ ಸೊತ್ತು. ಆ ಪರಗಣೆಯ ಹುಟ್ಟುವಳಿ ಆಗ ಎರಡು ಲಕ್ಷ ‘ಬರೈ’ ನಾಣ್ಯವೆಂದೂ, ಆಡಳಿತ ಚೆನ್ನಾಗಿ ನಡೆದರೆ ಐದು ಲಕ್ಷದವರೆಗೆ ಏರಬಹುದೆಂದೂ ಅದೇ ಕರಾರಿನಲ್ಲಿ ಹೇಳಿದೆ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹತ್ತು ವರ್ಷಗಳೊಳಗೆ ಕಾಲ ತಿರುಗಿಬಿದ್ದಿತು. ಶಿವಾಜಿ 1680ರಲ್ಲಿಯೇ ಗತಿಸಿದ್ದನು. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಅದರೊಡನೆ ಬೆಂಗಳೂರಿನ ಜಹಗೀರಿಗೆ ಮೂಲವಾಗಿದ್ದ ಸನದಿನ ಬೆಲೆಯೂ ಹೋಯಿತು. ತಂಜಾವೂರಿನಿಂದ ಬೆಂಗಳೂರಿಗೆ ಘಟ್ಟ ಹತ್ತಿ ಬರಬೇಕು. ನಡುವೆ ಹಗೆಗಳ ನಾಡು. ಇಲ್ಲಿ ಠಾಣೆಯ ದಂಡನ್ನು ಇಟ್ಟು ಸಾಕುವ ಖರ್ಚು ಹುಟ್ಟುವಳಿಯನ್ನು ನುಂಗುತ್ತಿತ್ತು. ಉತ್ತರದಿಂದ ಮೊಗಲರು, ದಕ್ಷಿಣದಿಂದ ಮೈಸೂರಿನವರು. ಶಿವಾಜಿಯ ಮಗ ಸಂಭಾಜಿಯ ಕಡೆಯವರಿಗೂ ಈ ಊರಿನ ಮೇಲೆ ಕಣ್ಣಿತ್ತು. ಬಿಟ್ಟರೆ ಬರಿಗೈ, ಹಿಡಿದರೆ ಖರ್ಚು. ಆದ್ದರಿಂದ ಹೋಗುವುದು ಹೇಗೂ ಹೋಗುತ್ತದೆ, ಬಂದಷ್ಟಾದರೂ ಬರಲಿ ಎಂದು ತಂಜಾವೂರಿನವರು ಊರನ್ನು ಮಾರಿಬಿಡಲು ನಿಶ್ಚಯಿಸಿದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, 1810ರಿಂದ ಮುಂದಕ್ಕೆ ಮೂರು ಸಂಪುಟಗಳಲ್ಲಿ ಈ ನಾಡಿನ ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಕಥೆಯನ್ನು ಹೇಳಿದ್ದಾನೆ. ಗಿರಾಕಿಯಾಗಿ ಬಂದವನು ಮೈಸೂರಿನ ಚಿಕ್ಕದೇವರಾಜ ಒಡೆಯ. ಬೆಲೆ ಮೂರು ಲಕ್ಷವೆಂದು ಮಾತಾಯಿತು.

ಆದರೆ ಮಾತಾದದ್ದು ಮುಗಿಯಲಿಲ್ಲ. ಹಣ ಎಣಿಸಿ ಕೀಲಿಕೈ ಒಪ್ಪಿಸುವುದರೊಳಗಾಗಿ, 1687ರ ಜುಲೈ ತಿಂಗಳಿನಲ್ಲಿ, ಔರಂಗಜೇಬನ ಸೇನಾನಿ ಖಾಸಿಂಖಾನನ ದಂಡು ಬಂದು ಕೋಟೆಯ ಮೇಲೆ ಮೊಗಲರ ಬಾವುಟವನ್ನು ಏರಿಸಿತು. ತಂಜಾವೂರಿನವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದೆ ನಡೆದದ್ದು ಇನ್ನೂ ವಿಚಿತ್ರ. ಖಾಸಿಂಖಾನನಿಗೂ ಈ ಊರನ್ನು ಇಟ್ಟುಕೊಳ್ಳುವ ಆಸೆಯಿರಲಿಲ್ಲ. ಅವನ ದೃಷ್ಟಿ ಸಿರಾದ ಕಡೆಗೆ. ಬಾದಶಹನೋ ಗೋಲ್ಕೊಂಡದ ಮುತ್ತಿಗೆಯಲ್ಲಿ ಹಣವನ್ನು ನೀರಿನಂತೆ ಚೆಲ್ಲುತ್ತಿದ್ದ ಕಾಲ. ಇಂಥ ವೇಳೆಯಲ್ಲಿ ಕಾವಲಿಗೆ ದಂಡನ್ನು ಬೇಡುವ ಕೋಟೆಗಿಂತ ನಗದು ಮೇಲು. ಚಿಕ್ಕದೇವರಾಜನು ಅದೇ ಮೂರು ಲಕ್ಷವನ್ನು ಈ ಹೊಸ ಒಡೆಯರಿಗೆ ಸಲ್ಲಿಸಿ ಬೆಂಗಳೂರನ್ನು ಪಡೆದನು. ಇದನ್ನು ಕ್ರಯವೆಂದು ಕೆಲವರೂ ಗುತ್ತಿಗೆಯೆಂದು ಕೆಲವರೂ ಬರೆದಿದ್ದಾರೆ. ಏನೆಂದು ಕರೆದರೂ, ಗೊತ್ತಾಗಿದ್ದ ಬೆಲೆ ಬದಲಾಗಲಿಲ್ಲ, ಕೊಂಡವನೂ ಬದಲಾಗಲಿಲ್ಲ. ಮಾರಿದವನು ಮಾತ್ರ ಬದಲಾದನು. ಬೆಂಗಳೂರು ಮೈಸೂರಿನದಾದ ಬಗೆ ಇದು. ಮಾಗಡಿಯನ್ನು ಮೈಸೂರಿನವರು 1728ರಲ್ಲಿ ದಂಡು ಕಳುಹಿಸಿ ಗೆಲ್ಲಬೇಕಾಯಿತು. ಬೆಂಗಳೂರು ಮಾತ್ರ ಹಣದ ಚೀಲದಿಂದ ಬಂದಿತು.

ಈಗ ಬೆಲೆಯ ವಿಚಾರ. ವರ್ಷಕ್ಕೆ ಎರಡು ಲಕ್ಷ ಬರೈ ಹುಟ್ಟುವಳಿಯೆಂದು ಹತ್ತು ವರ್ಷದ ಹಿಂದೆ ಬರೆಸಿದ್ದ ಪರಗಣೆಯ ತಲೆಯೂರು ಮೂರು ಲಕ್ಷ ರೂಪಾಯಿಗೆ ಹೋಯಿತು. ನಾಣ್ಯ ಬೇರೆ, ಗಡಿ ಬೇರೆಯಾದ್ದರಿಂದ ಇವೆರಡನ್ನು ನೇರವಾಗಿ ತಕ್ಕಡಿಗೆ ಹಾಕಲಾಗದು. ಆದರೂ ಕೆಲವೇ ವರ್ಷಗಳ ಆದಾಯಕ್ಕೆ ಊರೇ ಕೈಬಿಟ್ಟಿತೆಂಬುದು ಸ್ಪಷ್ಟ. ಇದನ್ನು ಕೊಳ್ಳುವವನ ಕಡೆಯಿಂದ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಚಿಕ್ಕದೇವರಾಜ ಒಡೆಯನನ್ನು ನಾವು ಕನ್ನಡ ಓದಿದವರು ತಿರುಮಲಾರ್ಯನ ಆಶ್ರಯದಾತನೆಂದು, ಸಂಚಿಯ ಹೊನ್ನಮ್ಮ ಊಳಿಗದಲ್ಲಿದ್ದ ಅರಮನೆಯ ಒಡೆಯನೆಂದು ಬಲ್ಲೆವು. ಜನರು ಅವನಿಗೆ ಇಟ್ಟ ಇನ್ನೊಂದು ಹೆಸರು ‘ನವಕೋಟಿ ನಾರಾಯಣ’. ಪ್ರತಿದಿನ ಬೆಳಗ್ಗೆ ಪೂಜೆ ಮುಗಿಸಿ, ಸಾವಿರ ಸಾವಿರ ವರಹದ ಎರಡು ಚೀಲಗಳನ್ನು ಬೊಕ್ಕಸಕ್ಕೆ ಸೇರಿಸಿದ ಮೇಲೆಯೇ ಅವನು ಬಾಯಿಗೆ ಆಹಾರ ಹಾಕುತ್ತಿದ್ದನೆಂದು ವಿಲ್ಕ್ಸ್ ಬರೆಯುತ್ತಾನೆ. ವರಹಕ್ಕೆ ಸುಮಾರು ಮೂರು ರೂಪಾಯಿಯೆಂದು ಹಿಡಿಯೋಣ. ದಿನಕ್ಕೆ ಆರು ಸಾವಿರ. ಮೂರು ಲಕ್ಷಕ್ಕೆ ಐವತ್ತು ದಿನ. ಅಂದರೆ ತಂಜಾವೂರಿನವರು ಕೈಬಿಟ್ಟ ಇಡೀ ಊರಿನ ಬೆಲೆ ಮೈಸೂರಿನ ಅರಸನಿಗೆ ಐವತ್ತು ಬೆಳಗಿನ ಉಳಿತಾಯ. ಇಬ್ಬರೂ ಅರಸರೇ, ಆದರೆ ಒಬ್ಬನಲ್ಲಿ ಹಣವೂ ಕಾಲವೂ ಇದ್ದುವು, ಮತ್ತೊಬ್ಬನಲ್ಲಿ ಎರಡೂ ಇರಲಿಲ್ಲ. ಬೆಲೆಯನ್ನು ಗೊತ್ತುಮಾಡಿದ್ದು ಈ ವ್ಯತ್ಯಾಸವೇ.

ಇಷ್ಟಕ್ಕೆ ನಿಲ್ಲಿಸಿದರೆ ಚಿಕ್ಕದೇವರಾಜನ ಜಾಣತನವನ್ನು ಹೊಗಳಿ ಸುಮ್ಮನಾಗಬಹುದು. ಆದರೆ ಆ ಎರಡು ಚೀಲಗಳು ತುಂಬುತ್ತಿದ್ದುದು ಎಲ್ಲಿಂದ? ಶಾಸ್ತ್ರದಲ್ಲಿ ಹೇಳಿದ ಆರನೆಯ ಒಂದು ಪಾಲಿನ ಮೇಲೆ ಮನೆ ತೆರಿಗೆ, ಮಗ್ಗದ ಕಾಣಿಕೆ, ಮದುವೆಯ ತೆರಿಗೆ, ಕುರಿ ತೆರಿಗೆ ಎಂದು ಬಗೆಬಗೆಯ ಸಣ್ಣ ತೆರಿಗೆಗಳನ್ನು ಅವನ ಕಾಲದಲ್ಲಿ ವಿಧಿಸಿದರು. ರೈತರು ಅಸಮಾಧಾನಗೊಂಡು ತಿರುಗಿಬಿದ್ದದ್ದೂ ಉಂಟು. ತೆರಿಗೆಯನ್ನು ನಾಣ್ಯದಲ್ಲಿ ಕೊಡಬೇಕಾದ ರೈತನಿಗೆ ಕಣದಲ್ಲಿಯೇ ರಾಗಿ ಮಾರದೆ ಗತಿಯಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಮಾರುವವರೇ ಆದ್ದರಿಂದ ಧಾನ್ಯ ಅಗ್ಗ. ಮಳೆಗಾಲದ ಹೊತ್ತಿಗೆ ಅದೇ ರೈತ ಅದೇ ರಾಗಿಯನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕು. ಹೀಗೆ ನೋಡಿದರೆ ಬೆಂಗಳೂರನ್ನು ಕೊಂಡ ಮೂರು ಲಕ್ಷದೊಳಗೆ, ಅಗ್ಗಕ್ಕೆ ಮಾರಿದ ಎಷ್ಟೋ ಕಣಗಳ ರಾಗಿ ಅಡಗಿತ್ತು. ದೊಡ್ಡದೊಂದು ಅವಸರದ ಮಾರಾಟಕ್ಕೆ ಸಣ್ಣ ಸಣ್ಣ ಅವಸರದ ಮಾರಾಟಗಳೇ ಬಂಡವಾಳವಾದುವು.

ನಮ್ಮ ಹಿರಿಯರಿಗೆ ಈ ಸಂಕಟ ಗೊತ್ತಿರಲಿಲ್ಲವೆಂದಲ್ಲ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಹಲವು ಶತಮಾನಗಳ ಕಾಲ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿಯ ವ್ಯವಹಾರವೆಲ್ಲ ನಡೆದುಬಂದದ್ದು ಈ ಗ್ರಂಥದ ಆಧಾರದ ಮೇಲೆ. ಮನೆತನದ ಸ್ಥಿರಾಸ್ತಿಯನ್ನು ಒಬ್ಬನೇ ಮಾರುವಂತಿಲ್ಲವೆಂಬುದು ಅದರ ಸಾಮಾನ್ಯ ನಿಯಮ. ಆದರೆ ಆಪತ್ಕಾಲ, ಕುಟುಂಬದ ಪೋಷಣೆ, ತಪ್ಪಿಸಲಾಗದ ಧರ್ಮಕಾರ್ಯ ಈ ಮೂರಕ್ಕೆ ಒಬ್ಬನೇ ಆದರೂ ಪರಭಾರೆ ಮಾಡಬಹುದೆಂದು ವಿನಾಯಿತಿಯಿದೆ. ಹೆಂಡತಿಯ ಸ್ತ್ರೀಧನವನ್ನು ಗಂಡನು ಮುಟ್ಟಬಾರದು. ಆದರೆ ಬರಗಾಲದಲ್ಲಿ, ಅವಶ್ಯವಾದ ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಯಲ್ಲಿ ಬಳಸಿಕೊಂಡರೆ ಹಿಂದಿರುಗಿಸಲೇಬೇಕೆಂಬ ಕಟ್ಟಿಲ್ಲವೆಂದೂ ಸ್ಮೃತಿ ಹೇಳುತ್ತದೆ. ಅಡಚಣೆ ಬಂದಾಗ ಮೊದಲು ಕಳಚುವುದು ಹೆಂಗಸಿನ ಕೈಬಳೆ ಎಂಬುದನ್ನು ಶಾಸ್ತ್ರಕಾರರು ಬಲ್ಲವರಾಗಿದ್ದರು. ದೀಪಾಬಾಯಿಯ ಬಳೆಯ ಖರ್ಚಿಗೆಂದು ಬಿಟ್ಟ ಬೆಂಗಳೂರು ಮೊದಲು ಮಾರಾಟಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ನಿಯಮವು ಕೊಳ್ಳುವವನನ್ನು ಕುರಿತದ್ದು. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಮೆ ಬೆಲೆಗೆ ಕೊಂಡವನನ್ನು ಯಾಜ್ಞವಲ್ಕ್ಯನು ಕಳ್ಳನ ಸಾಲಿಗೆ ಸೇರಿಸುತ್ತಾನೆ. ಇದು ಕದ್ದ ಮಾಲಿನ ಪ್ರಕರಣದಲ್ಲಿ ಬಂದ ಮಾತು, ನಿಜ. ಆದರೆ ಅಗ್ಗದ ಬೆಲೆಯೇ ಒಂದು ಎಚ್ಚರಿಕೆ, ಅದನ್ನು ಕಂಡಾಗ ಕೊಳ್ಳುವವನು ನಿಂತು ವಿಚಾರಿಸಬೇಕು ಎಂಬ ಭಾವ ಅದರಲ್ಲಿದೆ. ನಮ್ಮ ನಾಡಿನ ವಿಜಯನಗರ ಕಾಲದ ಕ್ರಯಶಾಸನಗಳನ್ನು ನೋಡಿದರೆ ಬೆಲೆಗೆ ಮೂರು ವಿಶೇಷಣಗಳನ್ನು ಹಚ್ಚಿರುವುದು ಕಾಣುತ್ತದೆ: ‘ತತ್ಕಾಲೋಚಿತ’, ‘ಮಧ್ಯಸ್ಥ ಪರಿಕಲ್ಪಿತ’, ‘ಉಭಯವಾದಿ ಸಂಪ್ರತಿಪನ್ನ’. ಆ ಕಾಲಕ್ಕೆ ತಕ್ಕ ಬೆಲೆ, ಮಧ್ಯಸ್ಥರು ಕಟ್ಟಿದ ಬೆಲೆ, ಇಬ್ಬರೂ ಒಪ್ಪಿದ ಬೆಲೆ. ಮಾರುವವನ ಕೊರಳಿಗೆ ಕಾಲವು ಉರುಲಾಗಬಾರದೆಂದೇ ನಡುವೆ ಮಧ್ಯಸ್ಥರನ್ನು ಕೂರಿಸಿದ್ದು. ಇಂದು ಸರಕಾರ ‘ಮಾರ್ಗಸೂಚಿ ಬೆಲೆ’ಯನ್ನು ಗೊತ್ತುಮಾಡಿದೆ. ಅದಕ್ಕಿಂತ ಕಡಮೆಗೆ ಮಾರಿದರೂ ಮುದ್ರಾಂಕ ಶುಲ್ಕವನ್ನು ಆ ಬೆಲೆಯ ಮೇಲೆಯೇ ವಸೂಲು ಮಾಡುತ್ತಾರೆ. ಆದರೆ ಅದು ಕಾಯುವುದು ಬೊಕ್ಕಸದ ಪಾಲನ್ನು. ಮಾರುವವನ ಪಾಲನ್ನು ಕಾಯುವ ಮಧ್ಯಸ್ಥನ ಪೀಠ ಬರಿದಾಗಿಯೇ ಇದೆ.

ಒಬ್ಬನ ಅವಸರವೇ ಇಷ್ಟು ಬೆಲೆ ಇಳಿಸುವುದಾದರೆ ಇಡೀ ನಾಡಿನ ಅವಸರ ಏನು ಮಾಡೀತು? 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ ಅದಕ್ಕೆ ಸಾಕ್ಷಿ. ಮೇವಿಲ್ಲದೆ ಎಲ್ಲರೂ ಎತ್ತುಗಳನ್ನು ಸಂತೆಗೆ ಹೊಡೆದರು. ಕೊಳ್ಳುವವರಿಲ್ಲದೆ ಎತ್ತಿನ ಬೆಲೆ ನೆಲಕ್ಕೆ ಬಿತ್ತು, ರಾಗಿಯ ಬೆಲೆ ಮುಗಿಲಿಗೇರಿತು. ಆಮೇಲೆ ಹಿತ್ತಾಳೆ ತಾಮ್ರದ ಪಾತ್ರೆ, ಬೆಳ್ಳಿಯ ಕಡಗ, ಉಡಿದಾರ. ದಕ್ಷಿಣ ದೇಶದ ಹಳ್ಳಿಗಳ ಬೆಳ್ಳಿ ಒಡವೆಗಳು ಮುಂಬಯಿಯ ಟಂಕಸಾಲೆಗೆ ರಾಶಿಯಾಗಿ ಹೋಗಿ ರೂಪಾಯಿಗಳಾಗಿ ಕರಗಿದುವು. 1871ರ ಜನಗಣತಿಯಲ್ಲಿ ಸುಮಾರು 50½ ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಾರಲು ಏನೂ ಉಳಿಯದವರು ತಮ್ಮ ರಟ್ಟೆಯ ಬಲವನ್ನೇ ಮಾರಿದರು. ಕೆಂಗೇರಿಯ ಮೇಲೆ ಹಾದು ಮೈಸೂರಿಗೆ ಹೋಗುವ ರೈಲುಹಾದಿಯ ಕೆಲಸ ಬರಪರಿಹಾರದ ಕಾಮಗಾರಿಯಾಗಿ ನಡೆಯಿತು. 1882ರಲ್ಲಿ ಅದು ಮೈಸೂರನ್ನು ಮುಟ್ಟಿತು. ಕೆಂಗೇರಿಯ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವವರು ಕಂಬಿಗಳ ಕೆಳಗಿನ ಆ ಮಣ್ಣಿನ ಏರಿಯನ್ನೊಮ್ಮೆ ನೋಡಬೇಕು. ಅದನ್ನು ಹೊತ್ತು ಹಾಕಿದವರಲ್ಲಿ ಎತ್ತು ಮಾರಿದ ಒಕ್ಕಲಿಗರೂ ಇದ್ದಿರಬೇಕು.

ಈ ಬವಣೆಗೆ ಮದ್ದು ಹುಡುಕಿದವರೂ ನಮ್ಮವರೇ. ಸಾಲ ಹುಟ್ಟದ ಕಡೆ ಮಾರಾಟ ಹುಟ್ಟುತ್ತದೆ. ಸಕಾಲಕ್ಕೆ ನ್ಯಾಯವಾದ ಬಡ್ಡಿಯಲ್ಲಿ ಹಣ ದೊರೆತರೆ ಹೊಲ ಉಳಿಯುತ್ತದೆ. 1904ರಲ್ಲಿ ಸಹಕಾರ ಸಂಘಗಳ ಶಾಸನ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಶಾಸನದ ಮೇರೆಗೆ ದೇಶದಲ್ಲಿಯೇ ಮೊದಲನೆಯ ಇಂಥ ಸಂಘವೆಂಬ ಹೆಸರು ಅದಕ್ಕಿದೆ. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರದ ಕಾಯಿದೆ ಆಯಿತು. ಮುಂದೆ ದೇವರಾಜ ಅರಸು ಅವರ ಸರಕಾರ 1976ರಲ್ಲಿ ಋಣಪರಿಹಾರ ಶಾಸನವನ್ನು ತಂದು, ದುರ್ಬಲ ವರ್ಗದವರ ಸಾಲವನ್ನು ಮನ್ನಾ ಮಾಡಿಸಿ, ಅಡವಿಟ್ಟ ಒಡವೆ ಪಾತ್ರೆಗಳನ್ನು ಹಿಂದಕ್ಕೆ ಕೊಡಬೇಕೆಂದು ವಿಧಿಸಿತು. 2025ರಲ್ಲಿ ಕಿರುಸಾಲ ಕೊಟ್ಟವರು ಬಲಾತ್ಕಾರದಿಂದ ವಸೂಲು ಮಾಡುವುದನ್ನು ತಡೆಯಲು ಮತ್ತೆ ಕಾನೂನು ಮಾಡಬೇಕಾಯಿತು. ರೋಗ ಹಳೆಯದು, ಪೂರ್ತಿಯಾಗಿ ಬಿಟ್ಟುಹೋಗಿಲ್ಲವೆಂಬುದಕ್ಕೆ ಇದೇ ಗುರುತು.

ಹಾಗಾದರೆ ಸಂಸಾರಸ್ಥರಾದ ನಾವು ಈ ಕಥೆಯಿಂದ ತಿಳಿಯಬೇಕಾದದ್ದೇನು? ಮಾರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ತಂಜಾವೂರಿನವರು ಮಾರಲು ಹೊರಟದ್ದರಲ್ಲಿ ಅವಿವೇಕವಿರಲಿಲ್ಲ. ತಡವಾಗಿ ಹೊರಟದ್ದು, ಎದುರಿಗೆ ಹಣವುಳ್ಳ ಒಬ್ಬನೇ ಗಿರಾಕಿ ನಿಂತದ್ದು, ಆ ಗಿರಾಕಿಗೂ ಇವರ ಅವಸರ ತಿಳಿದಿದ್ದದ್ದು, ಇವು ಮೂರು ಸೇರಿ ಕೆಡಿಸಿದುವು. ಅಡಚಣೆಯ ಮುನ್ಸೂಚನೆ ಕಂಡಾಗಲೇ ಮನೆಯ ಹೆಂಗಸರನ್ನೂ ದೊಡ್ಡ ಮಕ್ಕಳನ್ನೂ ಕೂರಿಸಿಕೊಂಡು ಲೆಕ್ಕ ನೋಡುವುದು, ಶುದ್ಧಕ್ರಯಕ್ಕೆ ಮೊದಲು ಸಹಕಾರ ಸಂಘವನ್ನೋ ಬ್ಯಾಂಕನ್ನೋ ವಿಚಾರಿಸುವುದು, ಮಾರಲೇಬೇಕಾದರೆ ಇಬ್ಬರು ನಂಬಿಕಸ್ಥರಿಂದ ಬೆಲೆ ಕಟ್ಟಿಸುವುದು, ಅರ್ಧ ಮಾರಿದರೆ ಸಾಕಾಗುವಲ್ಲಿ ಪೂರ್ತಿ ಮಾರದಿರುವುದು, ಇಷ್ಟನ್ನು ಯಾರೂ ಮಾಡಬಹುದು. ಕೊಳ್ಳುವವರಾಗಿ ಹೋದಾಗ ನಮ್ಮ ಕರ್ತವ್ಯವೂ ಒಂದಿದೆ. ಆ ಹಲಗೆಯ ಹಿಂದೆ ಒಂದು ಸಂಸಾರವಿದೆ. ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ನೆಂಟನಾಗದಿದ್ದರೂ ತತ್ಕಾಲೋಚಿತವಾದ ಬೆಲೆಯನ್ನು ಕೊಟ್ಟರೆ ನಮಗೆ ನಷ್ಟವೇನೂ ಇಲ್ಲ.

ಚಿಕ್ಕದೇವರಾಜನು ಐವತ್ತು ದಿನದ ಚೀಲಗಳಿಂದ ಪಡೆದ ಊರಿನಲ್ಲಿ ಇಂದು ಒಂದು ಕೋಟಿಗೂ ಮಿಕ್ಕಿ ಜನ ವಾಸವಾಗಿದ್ದಾರೆ. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಬಡಾವಣೆಯಾದ ನಮ್ಮ ರಾಜಾಜಿನಗರದ ಒಂದು ಅಡ್ಡರಸ್ತೆಯ ಮನೆಗಳನ್ನು ಕೂಡ ಇಂದು ಮೂರು ಲಕ್ಷಕ್ಕೆ ಕೇಳುವ ಧೈರ್ಯ ಯಾರಿಗೂ ಬಾರದು. ಊರು ಬೆಳೆಯುತ್ತದೆ, ಬೆಲೆ ಏರುತ್ತದೆ. ಆದರೆ ಏರುವ ಬೆಲೆಯ ಲಾಭ ಕಾಯಬಲ್ಲವನಿಗೆ ಮಾತ್ರ ದೊರೆಯುತ್ತದೆ. ಕಾಯಲಾರದವರಿಗೆ ಕಾಯುವ ಶಕ್ತಿಯನ್ನು ಕೊಡುವುದು ಸಂಘದ ಕೆಲಸ, ಸರಕಾರದ ಕೆಲಸ, ನೆರೆಹೊರೆಯ ಕೆಲಸ. ಬರಿದಾಗಿರುವ ಆ ಮಧ್ಯಸ್ಥನ ಪೀಠದಲ್ಲಿ ಯಾರಾದರೊಬ್ಬರು ಕೂರಲೇಬೇಕು.